ಒಂದೇ ಸಮನೆ ಕಂದು

ನಮ್ಮಪ್ಪನನ್ನು ಸುತ್ತಲ ಹಳ್ಳಿಗಳವರು ಗುಂಡಿ ಮೇಷ್ಟ್ರು ಎನ್ನುತ್ತಾರೆ. ಶಾಲೆಯ ಮೇಷ್ಟ್ರಲ್ಲ. ಯಾರಾದರೂ ಹೊಸ ಮನೆ ಕಟ್ಟಿಸುವಾಗ ಅವರ ಜಾಗದಲ್ಲಿ ಆರಡಿ ಗುಂಡಿ ತೋಡಿಸಿ, ಅದರೊಳಗೆ ಇಳಿದು, ಕಕ್ಕಸಿನ ಕೊಳಚೆ ನೀರನ್ನು ಈ ಮಣ್ಣು ಇಂಗಿಸಿಕೊಂಡು ಸೋಸುತ್ತದೆಯೋ ಅಥವಾ ಹಾಗೇ ಪಕ್ಕದ ಬಾವಿಗೆ ದಾಟಿಸುತ್ತದೆಯೋ ಎಂದು ನೋಡಿ ಬರೆದುಕೊಡುವುದು ಅವನ ಕಸುಬು. ಊರಾಚೆಯ ಮನೆಗಳಿಗೆ ಒಳಚರಂಡಿ ಇಲ್ಲ. ಅಲ್ಲಿ ಅಪ್ಪನ ಸಹಿ ಇಲ್ಲದೆ ಯಾರೂ ಸೆಪ್ಟಿಕ್ ಟ್ಯಾಂಕು ಹೂಳುವಂತಿಲ್ಲ.

ಅವನು ಬರೆದದ್ದನ್ನು ಇಟ್ಟುಕೊಂಡು ನಕ್ಷೆ ಹಾಕುವವಳು ನಾನು. ಟ್ಯಾಂಕು ಎಲ್ಲಿ ಬರಬೇಕು, ಅದರಿಂದ ಹೊರಟ ನೀರು ಇಂಗುವ ಜಲ್ಲಿ ಕಾಲುವೆ ಎಷ್ಟು ಉದ್ದ, ಎಷ್ಟು ಆಳ, ಬಾವಿಯಿಂದ ಎಷ್ಟು ದೂರ, ಎಲ್ಲಾ ನನ್ನ ಕೈಯಲ್ಲಿ ಆಗುತ್ತದೆ. ಮನೆಯ ಮುಂದಿನ ಕೋಣೆಯೇ ಆಫೀಸು. ಎರಡು ಮೇಜು, ಒಂದು ಕಬ್ಬಿಣದ ಬೀರು, ಗೋಡೆಯ ಮೇಲೆ ಗಾಜು ಹಾಕಿಸಿದ ಅಪ್ಪನ ಲೈಸೆನ್ಸು. ಹೊರಗಿನ ಬೋರ್ಡಿನಲ್ಲಿ ಅಪ್ಪನ ಹೆಸರೊಂದೇ ಇದೆ. ಹದಿನೇಳು ವರ್ಷದಿಂದ ಆ ಬೋರ್ಡಿನ ಧೂಳು ಒರೆಸುತ್ತಿರುವವಳು ನಾನು.

ಆ ಸೋಮವಾರ ಬೆಳಿಗ್ಗೆ ಅಪ್ಪ ಕ್ಷೌರಕ್ಕೆ ಹೋಗಿದ್ದ. ಟೈಲರಮ್ಮ ಬಾಗಿಲು ತಟ್ಟದೆ ಒಳಗೆ ಬಂದಳು. ಅವಳ ಮನೆಗೆ ಎರಡೂಮುಕ್ಕಾಲು ವರ್ಷದ ಹಿಂದೆ ನಾವೇ ನೋಡಿ ಬರೆದುಕೊಟ್ಟಿದ್ದು. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷೀನು ಇಟ್ಟುಕೊಂಡು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಕತ್ತಿನಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು, ತೆಗೆಯುವುದೂ ಮರೆತು ಬಂದಿದ್ದಳು. ಕೂತುಕೊಳ್ಳಿ ಎಂದರೆ ಕೂರಲಿಲ್ಲ. ಕೈಯಲ್ಲಿದ್ದ ಹಾಳೆಗಳನ್ನು ಒಂದೊಂದಾಗಿ ನನ್ನ ಮೇಜಿನ ಮೇಲೆ ಹಾಕಿದಳು. ಮೊದಲನೆಯದು ಆಸ್ಪತ್ರೆಯದು, ಆರು ವರ್ಷದ ಮಗಳಿಗೆ ಕಾಮಾಲೆ, ಹನ್ನೆರಡು ದಿನ ಮಲಗಿಸಿಕೊಂಡಿದ್ದರು. ಎರಡನೆಯದು ಬಾವಿ ನೀರಿನ ಪರೀಕ್ಷೆಯ ಚೀಟಿ, ಅದರಲ್ಲಿ ಕಕ್ಕಸಿನ ಕ್ರಿಮಿ ಇದೆ ಎಂದು ಬರೆದಿತ್ತು. ಮೂರನೆಯದು ಅಪ್ಪನ ವರದಿ. ನಾಲ್ಕನೆಯದು ನನ್ನ ನಕ್ಷೆ.

ನಾನು ಬಾಯಿಪಾಠ ಒಪ್ಪಿಸಿದೆ. ಮೇಸ್ತ್ರಿ ಪೈಪು ಓರೆಯಾಗಿ ಕೂರಿಸಿರಬಹುದು, ಟ್ಯಾಂಕು ಖಾಲಿ ಮಾಡಿಸದೆ ತುಂಬಿರಬಹುದು, ಕಾಲುವೆಯ ಮೇಲೆ ಯಾರಾದರೂ ಗಾಡಿ ಓಡಿಸಿರಬಹುದು. ದೂರು ಹೇಳಿಕೊಂಡು ಬಂದವರಿಗೆಲ್ಲ ಇದನ್ನೇ ಹೇಳುವುದು, ಮುಕ್ಕಾಲು ಪಾಲು ಅದೇ ನಿಜವೂ ಆಗಿರುತ್ತದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ನಾನು ಅಳತೆ ತಪ್ಪಿ ಕತ್ತರಿ ಹಾಕಿದ್ರೆ ಒಂದು ಅಂಗಿ ಹಾಳಾಗುತ್ತೆ," ಅಂದಳು. "ನೀವು ತಪ್ಪಿದ್ರೆ ಏನಾಗುತ್ತೆ ಅಂತ ಒಂದ್ಸಲ ಬಂದು ನೋಡಿ."

ಆ ಮಾತಿಗೆ ನನಗೆ ಮೈಯೆಲ್ಲ ಉರಿಯಿತು. ನಮ್ಮ ಕೆಲಸದಲ್ಲಿ ತಪ್ಪು ಹುಡುಕಲು ಬಂದಿದ್ದಾಳಲ್ಲ ಎಂದು ಅವಳ ಮೇಲೇ ಕೋಪ. ಮೂವತ್ತು ವರ್ಷದಲ್ಲಿ ಅಪ್ಪ ಗುಂಡಿ ನೋಡಿದ್ದು ತಪ್ಪು ಎಂದು ಒಂದು ದೂರೂ ಸಾಬೀತಾದದ್ದಿಲ್ಲ. ತೋರಿಸಿಯೇ ಬಿಡೋಣ ಎಂದು ಗುಂಡಿ ತೋಡುವವನಿಗೆ ಫೋನು ಮಾಡಿ, ಅವಳ ಹಿಂದೆಯೇ ಹೊರಟೆ.

ಹಿತ್ತಲಿಗೆ ಕಾಲಿಡುವ ಮೊದಲೇ ಮೂಗಿಗೆ ಗೊತ್ತಾಯಿತು. ಮಳೆ ನಿಂತು ಎರಡು ವಾರವಾಗಿತ್ತು. ಆದರೂ ಜಲ್ಲಿ ಕಾಲುವೆಯ ಉದ್ದಕ್ಕೂ ಹುಲ್ಲು ಕೊಬ್ಬಿ ನಿಂತಿತ್ತು, ಕಾಲಿಟ್ಟಲ್ಲೆಲ್ಲ ಕಪ್ಪು ನೀರು ಚಿಮ್ಮುತ್ತಿತ್ತು. ಅಲ್ಲಿಂದ ಇಳಿಜಾರಿನಲ್ಲಿ ಮೂವತ್ತು ಹೆಜ್ಜೆಗೆ ಬಾವಿ. ಬಾವಿಗೆ ತಗಡು ಮುಚ್ಚಿ ಮೇಲೆ ಕಲ್ಲು ಹೇರಿದ್ದರು, ಮಗು ಮರೆತು ಸೇದೀತು ಎಂದು. ಅಡುಗೆಮನೆಯ ಬಾಗಿಲ ಬಳಿ ಕೊಂಡು ತಂದ ನೀರಿನ ಕ್ಯಾನುಗಳು ಸಾಲಾಗಿದ್ದವು.

ಗುಂಡಿ ತೋಡುವವನು ಒದ್ದೆ ಇಲ್ಲದ ಒಂದು ಮೂಲೆಯಲ್ಲಿ ಗುದ್ದಲಿ ಹಾಕಿದ. ಎದೆಯುದ್ದ ಆದ ಮೇಲೆ ಸಾಕು ಎಂದು ನಾನೇ ಇಳಿದೆ. ಇಳಿಯುವುದು ನನಗೆ ಅಭ್ಯಾಸವಿಲ್ಲ. ಹೆಣ್ಣುಮಕ್ಕಳು ಗುಂಡಿಗೆ ಇಳಿದರೆ ನೋಡಿದವರು ಏನಂದಾರು ಎಂದು ಅಪ್ಪ ನನ್ನನ್ನು ಯಾವತ್ತೂ ಇಳಿಸಲಿಲ್ಲ. ಮಣ್ಣು ನೋಡುವುದನ್ನು ನನಗೆ ಕಲಿಸಿದವಳು ಅಮ್ಮ, ಅದೂ ಆಟವಾಗಿ. ಚಿಕ್ಕಂದಿನಲ್ಲಿ ಅಪ್ಪನ ಬಣ್ಣದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಅಂಗಳದ ಹೆಂಟೆಗಳನ್ನು ಒದ್ದೆ ಮಾಡಿ, ಇದು ಯಾವ ಮನೆಗೆ ಸೇರುತ್ತೆ ಹೇಳು ಎನ್ನುತ್ತಿದ್ದಳು. ಪುಸ್ತಕದ ತುಂಬಾ ಕಂದು, ಕೆಂಪು, ಹಳದಿ, ಬೂದಿ ಬಣ್ಣದ ಚಿಕ್ಕ ಚಿಕ್ಕ ಚೌಕಗಳು. ಹೆಂಟೆಯನ್ನು ಪಕ್ಕದಲ್ಲಿ ಹಿಡಿದು ಹೊಂದಿಸಬೇಕು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೇಸಿಗೆಯಲ್ಲಿ ಯಾವ ಮಣ್ಣಿಗೆ ನೀರು ಹೊಯ್ದರೂ ಇಂಗುತ್ತದೆ, ಅದೇನು ದೊಡ್ಡ ವಿಷಯವಲ್ಲ. ಮಳೆಗಾಲದಲ್ಲಿ ನೆಲದಡಿಯ ನೀರು ಎಲ್ಲಿವರೆಗೆ ಏರಿ ನಿಲ್ಲುತ್ತದೆ ಎಂಬುದೇ ಪ್ರಶ್ನೆ. ಕೊಳಚೆ ನೀರು ಸೋಸಿಹೋಗಲು ಕಾಲುವೆಯ ತಳದಿಂದ ಕೆಳಗೆ ನಾಲ್ಕಡಿಯಾದರೂ ಒಣ ಮಣ್ಣು ಬೇಕು. ನೀರು ಅಲ್ಲಿವರೆಗೆ ಏರಿದರೆ ಕೊಳಚೆ ಸೋಸುವುದಿಲ್ಲ, ನೆಲದಡಿಯ ನೀರಿನ ಜೊತೆ ಸೇರಿ ಬಾವಿಗೆ ನಡೆಯುತ್ತದೆ. ಬೇಸಿಗೆಯಲ್ಲಿ ಆ ನೀರು ಕಣ್ಣಿಗೆ ಕಾಣುವುದಿಲ್ಲ. ಆದರೆ ವರ್ಷಾ ವರ್ಷಾ ವಾರಗಟ್ಟಲೆ ನೀರಲ್ಲಿ ಮುಳುಗಿದ ಮಣ್ಣಿನ ಕಂದು ತೊಳೆದುಹೋಗಿ ಬೂದಿ ಬಣ್ಣ ಬಂದಿರುತ್ತದೆ, ಅಂಚಿನಲ್ಲಿ ತುಕ್ಕಿನ ಚುಕ್ಕೆಗಳು. ಆ ಬೂದಿ ಎಷ್ಟು ಆಳಕ್ಕೆ ಶುರುವಾಗುತ್ತದೋ ಅಲ್ಲಿಗೆ ಮಳೆಗಾಲದ ನೀರು ಬರುತ್ತದೆ. ಗುಂಡಿ ಮೇಷ್ಟ್ರ ಕೆಲಸವೆಂದರೆ ಮುಖ್ಯವಾಗಿ ಆ ಬೂದಿಯನ್ನು ಹುಡುಕುವುದು.

ಟೈಲರಮ್ಮನ ಹಿತ್ತಲಿನಲ್ಲಿ ಅದನ್ನು ಹುಡುಕಬೇಕಾಗಿರಲಿಲ್ಲ. ಒಂದೂವರೆ ಅಡಿಗೇ ಶುರುವಾಗಿ ಕೆಳಗಿನವರೆಗೂ ಗುಂಡಿಯ ಗೋಡೆ ತುಂಬ ಬೂದಿ ಪಟ್ಟೆಗಳು, ನಡುನಡುವೆ ತುಕ್ಕು. ಎಂಟು ವರ್ಷದ ಮಗುವೂ ತೋರಿಸಿಬಿಡುತ್ತಿತ್ತು. ಅಪ್ಪನ ವರದಿ ತೆಗೆದು ಗುಂಡಿಯಲ್ಲೇ ಓದಿದೆ. "ಆರಡಿವರೆಗೆ ಒಂದೇ ಸಮನೆ ಕಂದು. ನೀರಿನ ಗುರುತಿಲ್ಲ."

ನನಗೆ ಮೊದಲು ಹೊಳೆದದ್ದು ಒಂದೇ. ಟೈಲರಮ್ಮನಿಗೆ ಜಾಗ ಮಾರಿದವನು ಅಪ್ಪನ ಕೈ ಬೆಚ್ಚಗೆ ಮಾಡಿದ್ದಾನೆ. ಬಾಳೆಲ್ಲ ನೇರ ಮಾತು, ನೇರ ನಡೆ ಎಂದು ಎದೆ ತಟ್ಟಿಕೊಂಡ ಮನುಷ್ಯ ಕೊನೆಗಾಲದಲ್ಲಿ ಹೀಗೆ ಮಾಡಿದನಲ್ಲ. ಗೋಡೆಯಿಂದ ಒಂದು ದಪ್ಪ ಹೆಂಟೆ ಕಿತ್ತು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಮೇಲೆ ಬಂದೆ. ಟೈಲರಮ್ಮನಿಗೆ ನಾಳೆ ಅಪ್ಪನನ್ನು ಕರೆದುಕೊಂಡು ಬರುತ್ತೇನೆ, ಗುಂಡಿ ಮುಚ್ಚಬೇಡಿ ಎಂದಷ್ಟೇ ಹೇಳಿದೆ. ಬಾಗಿಲ ಬಳಿ ಅವಳ ಮಗಳು ನಿಂತಿದ್ದಳು. ಕಣ್ಣಿನ ಬಿಳಿಯಲ್ಲಿ ಹಳದಿ ಇನ್ನೂ ಪೂರ್ತಿ ಇಳಿದಿರಲಿಲ್ಲ.

ಮನೆಗೆ ಬಂದಾಗ ಅಪ್ಪ ಊಟ ಮುಗಿಸಿ, ನುಣ್ಣಗೆ ಕ್ಷೌರ ಮಾಡಿಸಿಕೊಂಡ ಮುಖ ಹೊತ್ತು, ಊಟದ ಮೇಜಿನ ಮೇಲೆ ಪೇಪರು ಹರವಿಕೊಂಡು ಕೂತಿದ್ದ. ಅವನು ಓದುತ್ತಿದ್ದ ಪುಟದ ಮೇಲೆಯೇ ಹೆಂಟೆ ಇಟ್ಟೆ. ಟೈಲರಮ್ಮನ ಹಿತ್ತಲಿನದು, ಎರಡಡಿ ಆಳದ್ದು, ಏನು ಹೇಳ್ತೀಯ ಎಂದೆ. ಅವನು ಕನ್ನಡಕ ಸರಿಮಾಡಿಕೊಂಡು, ಹೆಂಟೆ ಮುರಿದು, ಬೆರಳಿಗೆ ನೀರು ಮುಟ್ಟಿಸಿ ತಿಕ್ಕಿ, ಬಹಳ ಅನುಭವಸ್ಥನ ಹಾಗೆ ತಲೆ ಆಡಿಸಿದ.

"ಒಳ್ಳೇ ಮಣ್ಣು. ಒಂದೇ ಸಮನೆ ಕಂದು."

ಅವನು ಸುಳ್ಳು ಹೇಳುತ್ತಿಲ್ಲ ಎಂಬುದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳಿದರೆ ಕಿವಿ ಕೆಂಪಾಗುತ್ತದೆ. ಬೂದಿ ಇದೆಯಲ್ಲ ಅಪ್ಪ ಎಂದೆ. ಎಲ್ಲಿ ತೋರಿಸು ಎಂದ. ಬೆರಳಿಟ್ಟು ತೋರಿಸಿದೆ. ಅವನು ಮಣ್ಣನ್ನು ನೋಡಲಿಲ್ಲ, ನನ್ನ ಬೆರಳನ್ನು ನೋಡಿದ. ಆಮೇಲೆ, ಹೂಂ, ಚೂರು ಇದೆ, ಅದೇನು ಲೆಕ್ಕಕ್ಕಿಲ್ಲ ಎಂದ. ಕಿವಿ ಕೆಂಪಾಗಿತ್ತು.

ಬೆರಳನ್ನು ಸರಿಸಿ, ಬೂದಿಯ ಸುಳಿವೂ ಇಲ್ಲದ ಹಸನಾದ ಕಂದಿನ ಮೇಲೆ ಇಟ್ಟೆ.

"ಇಲ್ಲೂ ಇದೆ ಅಲ್ವಾ?"

"ಇದೆ, ಇದೆ. ಕಾಣ್ತಿದೆಯಲ್ಲ."

ಎಷ್ಟೋ ಹಳೆಯ ಸಂಗತಿಗಳು ಒಟ್ಟಿಗೇ ನೆನಪಾದವು. ಅಪ್ಪ ಸಂತೆಗೆ ಹೋದರೆ ಹಸಿರು ಟೊಮೇಟೊ ತರುತ್ತಿದ್ದ. ಕಂಜೂಸು, ಅಗ್ಗಕ್ಕೆ ಸಿಕ್ಕಿದ್ದು ತರ್ತಾನೆ ಎಂದು ನಾವೆಲ್ಲ ನಗುತ್ತಿದ್ದೆವು, ಅಮ್ಮನೂ ನಗುತ್ತಿದ್ದಳು. ಅವನ ಅಂಗಿ, ಕಾಲುಚೀಲ ಎಲ್ಲಾ ಅಮ್ಮನೇ ಜೋಡಿ ಮಾಡಿ ಇಡುತ್ತಿದ್ದಳು. ಹೆಂಡತಿಯ ಕೈಯಲ್ಲಿ ಅಷ್ಟೂ ಸೇವೆ ಮಾಡಿಸಿಕೊಳ್ಳುವ ಗಂಡಸಿನ ಸೋಮಾರಿತನ ಎಂದು ನಾನು ಅಂದುಕೊಂಡಿದ್ದೆ. ಅಪ್ಪ ಎಲ್ಲಿ ಗುಂಡಿ ನೋಡಲು ಹೋದರೂ ಅಮ್ಮ ಜೊತೆಗಿರುತ್ತಿದ್ದಳು. ಕೇಳಿದವರಿಗೆ ಅಪ್ಪ, ಚೀಲ ಹಿಡಿಯೋಕೆ ಒಬ್ಬರು ಬೇಕಲ್ಲ ಎನ್ನುತ್ತಿದ್ದ. ಅಮ್ಮ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಗೋಡೆಯನ್ನು ನೋಡುತ್ತಾ, ಮೆಲ್ಲಗೆ ಬಗ್ಗಿ ಒಂದೆರಡು ಕಡೆ ಮೊಳೆ ಚುಚ್ಚುತ್ತಿದ್ದಳು. ಅಪ್ಪ ಟೇಪು ಹಿಡಿದು, ಮೊಳೆ ಇದ್ದ ಕಡೆಯ ಅಳತೆಯನ್ನು ಊರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಹೇಳಿ ಬರೆದುಕೊಳ್ಳುತ್ತಿದ್ದ. ಮೊಳೆ ಚುಚ್ಚುವುದು ಕೂಲಿಯ ಕೆಲಸ, ಅಳತೆ ಹೇಳುವುದು ಮೇಷ್ಟ್ರ ಕೆಲಸ ಎಂದು ನಾನೂ ಸೇರಿ ಎಲ್ಲರೂ ನಂಬಿದ್ದೆವು.

"ನಿನಗೆ ಬಣ್ಣ ಕಾಣಿಸಲ್ಲ," ಎಂದೆ.

ಕೆಂಪು ಕಾಣುತ್ತೆ, ನೀಲಿ ಕಾಣುತ್ತೆ, ಯಾರು ಹೇಳಿದ್ದು ಕಾಣಲ್ಲ ಅಂತ ಎಂದು ರೇಗಿದ. ಹುಟ್ಟಿನಿಂದ ಕೆಲವು ಬಣ್ಣ ಕಲಸಿಕೊಂಡಂತೆ ಕಾಣುವುದು ಲಕ್ಷಾಂತರ ಗಂಡಸರಿಗೆ ಇರುತ್ತದೆ, ಅದೇನು ಪಾಪವಲ್ಲ. ಕೆಲವರು ಆ ಕಣ್ಣಿಟ್ಟುಕೊಂಡೂ ಬೆಳಕು ನೆರಳಿನ ವ್ಯತ್ಯಾಸದಿಂದ ಹೇಗೋ ನಿಭಾಯಿಸುತ್ತಾರಂತೆ. ನಮ್ಮ ಕಡೆಯ ಮಣ್ಣಿನಲ್ಲಿ ಅದೂ ಸಾಗದು, ಬೂದಿಯೂ ಕಂದೂ ಒಂದೇ ಮಬ್ಬಿನವು. ಆಮೇಲೆ ನಾನು ಫೋನಿನಲ್ಲಿ ತೆಗೆದ ಗುಂಡಿಯ ಫೋಟೋವನ್ನು ಕಪ್ಪು ಬಿಳುಪು ಮಾಡಿ ನೋಡಿದೆ. ಗೋಡೆ ಪೂರಾ ಒಂದೇ ಸಮ ಇತ್ತು. ಅಪ್ಪ ಬರೆದದ್ದು ಅವನಿಗೆ ಕಂಡದ್ದನ್ನೇ.

ಅಷ್ಟಕ್ಕೇ ನನಗೆ ಕನಿಕರ ಬರಬಹುದಿತ್ತು. ಬರಲಿಲ್ಲ. ಕಾಣುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಅಮ್ಮನನ್ನು ಕೂರಿಸಿಕೊಳ್ಳುತ್ತಿದ್ದದ್ದು. ಅಮ್ಮ ತೀರಿಕೊಂಡ ಹದಿಮೂರನೆಯ ದಿನಕ್ಕೆ ಒಬ್ಬನೇ ಚೀಲ ಹೆಗಲಿಗೆ ಹಾಕಿಕೊಂಡು ಗುಂಡಿ ನೋಡಲು ಹೊರಟಾಗಲೂ ಗೊತ್ತಿತ್ತು. ನಾನು ಜೊತೆಗೆ ಬರಲಾ ಎಂದು ಆವತ್ತು ಕೇಳಿದ್ದೆ. ಬೇಡ, ನಿನಗೆ ನಕ್ಷೆ ಕೆಲಸ ಬೇಕಾದಷ್ಟಿದೆ ಎಂದಿದ್ದ.

ಅದನ್ನೇ ಈಗ ಅವನ ಮುಖದ ಮೇಲೆ ಹೇಳಿದೆ. ಅಪ್ಪ ಮೇಜಿನ ಮೇಲೆ ಉದುರಿದ ಮಣ್ಣನ್ನು ಅಂಗೈಯಲ್ಲಿ ಗುಡ್ಡೆ ಮಾಡಿದ.

"ಅವಳು ಪಕ್ಕದಲ್ಲಿದ್ದಾಗ ನನಗೆ ಕಾಣ್ತಿತ್ತು ಕಣೇ," ಅಂದ.

ಬೇರೆ ಯಾರಾದರೂ ಕೇಳಿದ್ದರೆ ಕಣ್ಣೀರು ಹಾಕುತ್ತಿದ್ದರೇನೋ. ನನಗೆ ಪಿತ್ತ ನೆತ್ತಿಗೇರಿತು. ಅವನಿಗೆ ಕಾಣುತ್ತಿರಲಿಲ್ಲ, ಅವಳಿಗೆ ಕಾಣುತ್ತಿತ್ತು. ಇಪ್ಪತ್ತಾರು ವರ್ಷ ಬಿಸಿಲಲ್ಲಿ ಗುಂಡಿಯ ಅಂಚಿನಲ್ಲಿ ಕೂತು ಊರಿನವರ ಬಾವಿ ಕಾಯ್ದವಳು ಅವಳು, ಲೈಸೆನ್ಸಿಗೆ ಗಾಜು ಹಾಕಿಸಿಕೊಂಡವನು ಇವನು. ಅಮ್ಮನ ಮೇಲೂ ಸಿಟ್ಟು ಬಂತು. ಗಂಡನ ಮಾನ ಮುಚ್ಚಿ ಮುಚ್ಚಿ ಇಟ್ಟಳು, ಸರಿ. ಸಾಯುವ ಮೊದಲು ಆಸ್ಪತ್ರೆಯಲ್ಲಿ ಮೂರು ವಾರ ಮಲಗಿದ್ದಳು, ನಾನು ಪಕ್ಕದಲ್ಲೇ ಇದ್ದೆ. ನಿಮ್ಮಪ್ಪನಿಗೆ ಸಕ್ಕರೆ ಕಡಿಮೆ ಹಾಕು ಎಂದಳು, ಸ್ವೆಟರು ಎಲ್ಲಿದೆ ಎಂದಳು, ಇದೊಂದು ಮಾತು ಹೇಳಲಿಲ್ಲ.

ಸಂಜೆವರೆಗೆ ಬೀರು ತೆಗೆದು ಕೂತೆ. ಅಮ್ಮ ಇದ್ದಾಗಿನ ವರದಿಗಳಲ್ಲಿ ಒಂದರ ಹಾಗೆ ಒಂದು ಇರಲಿಲ್ಲ. ಎರಡಡಿ ಮೂರು ಇಂಚಿಗೆ ಬೂದಿ ಚುಕ್ಕೆ, ಇಲ್ಲಿ ಬೇಡ. ನಾಲ್ಕಡಿಗೆ ತುಕ್ಕಿನ ಗೆರೆ, ಕಾಲುವೆ ಮೇಲೆತ್ತಿ ಮಣ್ಣಿನ ದಿಬ್ಬ ಮಾಡಿ. ಪೂರ್ವದ ಮೂಲೆ ಆಗುತ್ತದೆ, ಪಶ್ಚಿಮ ಆಗುವುದಿಲ್ಲ. ಅಮ್ಮ ಹೋದ ನಾಲ್ಕು ವರ್ಷದಲ್ಲಿ ಮೂವತ್ತೆಂಟು ವರದಿ. ಮೂವತ್ತೆಂಟರಲ್ಲೂ ಅದೇ ಸಾಲು. ಆರಡಿವರೆಗೆ ಒಂದೇ ಸಮನೆ ಕಂದು, ನೀರಿನ ಗುರುತಿಲ್ಲ. ಎಲ್ಲಕ್ಕೂ ನನ್ನ ನಕ್ಷೆ ಪಿನ್ನು ಹೊಡೆದು ಸೇರಿಸಿತ್ತು. ಆ ವರ್ಷಗಳಲ್ಲಿ ನಕ್ಷೆ ಬೇಗ ಬೇಗ ಮುಗಿಯುತ್ತಿತ್ತು ಎಂಬುದು ನೆನಪಾಯಿತು. ಆದರೆ ಆಗ ನನ್ನ ಕೋಪಕ್ಕೆ ಅಪ್ಪನೊಬ್ಬನೇ ಸಾಕಾಗಿದ್ದ, ಅದನ್ನು ಹೆಚ್ಚು ಕೆದಕಲಿಲ್ಲ. ಮೂವತ್ತೆಂಟು ಮನೆಗಳ ಪಟ್ಟಿ ಮಾಡಿ, ಪರವಾನಗಿ ಕೊಡುವ ಕಚೇರಿಗೆ ಒಂದು ಕಾಗದ ಬರೆದೆ. ಗುಂಡಿ ಮೇಷ್ಟ್ರಿಗೆ ಬಣ್ಣ ಕಾಣುವುದಿಲ್ಲ, ಈ ಎಲ್ಲ ವರದಿಗಳನ್ನೂ ರದ್ದು ಮಾಡಿ, ಬಾವಿಗಳ ನೀರು ಪರೀಕ್ಷೆ ಮಾಡಿಸಿ. ಕೆಳಗೆ ಅಪ್ಪ ಸಹಿ ಹಾಕಬೇಕಾದ ಜಾಗ ಬಿಟ್ಟಿದ್ದೆ.

ಅಪ್ಪ ಓದಿ, ಮಡಿಸಿ, ನನ್ನ ಮೇಜಿನ ಮೇಲೆ ವಾಪಸ್ಸು ಇಟ್ಟ. ಅಪ್ಪನ ಹೆಸರು ಬೀದಿಗೆ ಹಾಕಿ ನೀನೇನು ಸಾಧಿಸ್ತೀಯ ಎಂದು ಕೇಳಿದ. ಮಕ್ಕಳು ಆ ನೀರು ಕುಡೀತಿದ್ದಾರೆ ಎಂದೆ. ಎಲ್ಲಾ ಕಡೆ ಹಾಗಾಗಿರಲ್ಲ, ಒಂದೋ ಎರಡೋ ಇರಬಹುದು, ಅದನ್ನ ನಾವೇ ಸದ್ದಿಲ್ಲದೆ ಸರಿಮಾಡಿಕೊಡೋಣ ಎಂದ. ಯಾವ ಒಂದು, ಯಾವ ಎರಡು, ಅದನ್ನು ಹುಡುಕುವವರು ಯಾರು ಎಂದೆ. ಕೊನೆಗೆ ನಾನು ಕೇಳಿದ್ದು ಒಂದೇ. ಕಾಗದ ಆಮೇಲಿರಲಿ, ನಾಳೆ ಟೈಲರಮ್ಮನ ಎದುರು ನಿಂತು ನಿನ್ನ ಬಾಯಲ್ಲಿ ಹೇಳು. ಹೂಂ ಎಂದ.

ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದದ್ದು ನೋಡಿ ನನಗೆ ಸ್ವಲ್ಪ ಸಮಾಧಾನವಾಯಿತು. ಮರ್ಯಾದೆಯಿಂದ ತಪ್ಪು ಒಪ್ಪಿಕೊಳ್ಳಲು ಹೊರಟಿದ್ದಾನೆ ಅಂದುಕೊಂಡೆ.

ಟೈಲರಮ್ಮ ಹಿತ್ತಲಿನಲ್ಲಿ ಗುಂಡಿಯ ಪಕ್ಕದಲ್ಲೇ ಒಂದು ಕುರ್ಚಿ ಹಾಕಿದ್ದಳು. ವಯಸ್ಸಾದವರು ಎಂದು ಹಾಕಿದ್ದಳೋ, ವಾಸನೆ ಕುಡಿಯಲಿ ಎಂದು ಹಾಕಿದ್ದಳೋ ಗೊತ್ತಿಲ್ಲ. ಅಪ್ಪ ಕೂರಲಿಲ್ಲ. ಗುಂಡಿಯೊಳಗೆ ಇಣುಕಿದ, ಬಾವಿಯ ಮೇಲಿನ ತಗಡು ನೋಡಿದ, ಕಿಟಕಿಯಲ್ಲಿದ್ದ ಮಗುವನ್ನು ನೋಡಿದ. ನನಗೆ ಬಣ್ಣ ಸರಿಯಾಗಿ ಕಾಣಲ್ಲಮ್ಮ ಎಂದು ಶುರು ಮಾಡಿದ. ಎಷ್ಟು ಕಷ್ಟಪಟ್ಟು ಆ ಮಾತು ಹೊರಗೆ ಬಂತು ಎಂಬುದು ನನಗೂ ಕಂಡಿತು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಅವನ ಕೈ ಹಿಡಿದುಕೊಂಡು ಮನೆಗೆ ಕರೆತರುತ್ತಿದ್ದೆ.

"ಮಣ್ಣಿನ ಬಣ್ಣ ನೋಡ್ತಿದ್ದದ್ದೆಲ್ಲ ನನ್ನ ಹೆಂಡತಿ," ಅಂದ. "ಅವಳು ಹೇಳಿದ್ದನ್ನ ನಾನು ಬರೀತಿದ್ದೆ ಅಷ್ಟೆ. ಇಲ್ಲಿ ಅವಳು ನೋಡಿದ್ದು ತಪ್ಪಿರಬೇಕು."

ಮೂವತ್ತು ವರ್ಷ ಒಂದು ದಿನವೂ ಬಾಯಿ ಬಿಟ್ಟು ಹೇಳದ ಸತ್ಯವನ್ನು ಮೊದಲ ಸಲ ಹೇಳಿದ್ದ. ಹೇಳಿದ್ದು ತಪ್ಪನ್ನು ಅವಳ ತಲೆಗೆ ಕಟ್ಟಲು. ಕೈಯಲ್ಲಿದ್ದ ಫೈಲನ್ನು ಎತ್ತಿ ಅವನಿಗೆ ಹೊಡೆದುಬಿಡುತ್ತೇನೋ ಎಂದು ನನಗೇ ಭಯವಾಗಿ, ಅದನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡೆ.

"ತಾರೀಖು ನೋಡು," ಎಂದೆ. "ಅಮ್ಮ ಸತ್ತು ಹದಿನಾಲ್ಕು ತಿಂಗಳಾದ ಮೇಲೆ ಬರೆದಿದ್ದೀಯ ಇದನ್ನ. ಅವಳು ಇಲ್ಲಿಗೆ ಬಂದೇ ಇಲ್ಲ. ಬಂದಿದ್ರೆ ಈ ಮಗು ಮಲಗ್ತಿರಲಿಲ್ಲ. ಅವಳು ನೋಡಿದ ಒಂದು ಗುಂಡೀನೂ ತಪ್ಪಿಲ್ಲ, ಕೇಳಿಸ್ತಾ? ಒಂದೂ ಇಲ್ಲ. ತಪ್ಪಿದ್ದೆಲ್ಲ ನಿನ್ನದು."

ಅಪ್ಪ ಆಗ ಕುರ್ಚಿಯಲ್ಲಿ ಕೂತ. ನಾನು ಇನ್ನೂ ಹೇಳುತ್ತಿದ್ದೆ. ಮೂವತ್ತೆಂಟು ವರದಿ, ಮೂವತ್ತೆಂಟರಲ್ಲೂ ಒಂದೇ ಸಾಲು, ಕಣ್ಣು ಮುಚ್ಚಿಕೊಂಡು ಬರೆದದ್ದು ಎಂದು ಟೈಲರಮ್ಮನಿಗೆ ಫೈಲು ಬಿಚ್ಚಿ ತೋರಿಸಿದೆ. ಅವಳ ಕಡೆ ನಿಂತು ಮಾತಾಡುತ್ತಿದ್ದೇನೆ ಎಂಬ ಹೆಮ್ಮೆಯೂ ಒಳಗೆ ಇತ್ತು, ಈಗ ಹೇಳಲು ನಾಚಿಕೆಯಾಗುತ್ತದೆ. ಟೈಲರಮ್ಮ ಅಪ್ಪನ ಕಡೆ ನೋಡಲೇ ಇಲ್ಲ. ಒಂದೊಂದೇ ಹಾಳೆ ಮಗುಚಿ, ವರದಿಯ ಹಿಂದೆ ಪಿನ್ನು ಹೊಡೆದಿದ್ದ ನಕ್ಷೆಗಳನ್ನು ನೋಡುತ್ತಿದ್ದಳು. ಆಮೇಲೆ ತಲೆಯೆತ್ತಿ ನನ್ನನ್ನು ಕೇಳಿದಳು.

"ಅವರಿಗೆ ಕಾಣಲ್ಲ, ಸರಿ. ನಿಮಗೆ ಕಾಣುತ್ತಲ್ಲ. ನಿನ್ನೆ ಇಳಿದು ಒಂದು ನಿಮಿಷಕ್ಕೆ ಕಂಡುಹಿಡಿದ್ರಿ. ಮೂವತ್ತೆಂಟು ಸಲ ಒಂದೇ ಸಾಲು ಬಂದಾಗ ನಿಮಗೆ ಏನೂ ಅನ್ನಿಸ್ಲಿಲ್ವಾ?"

ಅನ್ನಿಸಿತ್ತು. ಎರಡನೆಯದೋ ಮೂರನೆಯದೋ ವರದಿ ಬಂದಾಗಲೇ, ಈಚೆಗೆ ಎಲ್ಲ ಒಳ್ಳೇ ಜಾಗಗಳೇ ಸಿಗುತ್ತಿವೆಯಲ್ಲ ಎಂದುಕೊಂಡಿದ್ದೆ. ಅಮ್ಮನ ಕಾಲದಲ್ಲಿ ಒಂದೊಂದು ನಕ್ಷೆಗೂ ಎರಡು ದಿನ ತಲೆ ಚಚ್ಚಿಕೊಳ್ಳಬೇಕಿತ್ತು, ದಿಬ್ಬ ಹಾಕು, ಮೂಲೆ ಬದಲಿಸು, ಅಳತೆ ತಿದ್ದು. ಈಗ ಹಳೆಯ ನಕ್ಷೆಯಲ್ಲಿ ಮನೆಯ ಆಕಾರ ಮಾತ್ರ ಬದಲಿಸಿ ಕೊಟ್ಟರೆ ಆಗುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿದು ಮಲಗಬಹುದಿತ್ತು. ಅಪ್ಪ ಇಳಿಯಬೇಡ ಎಂದ, ನಿಜ. ಬಾಗಿಲಿಗೆ ಬೀಗವನ್ನೇನೂ ಹಾಕಿರಲಿಲ್ಲ. ಇಳಿಯಬೇಡ ಎಂದದ್ದು ನನಗೂ ಅನುಕೂಲವಾಗಿತ್ತು.

ಟೈಲರಮ್ಮ ಕಾಯುತ್ತಿದ್ದಳು.

"ನಕ್ಷೆ ಸುಲಭ ಆಗ್ತಿತ್ತು," ಎಂದೆ.

ಅವಳು ಬೈಯುತ್ತಾಳೆ ಅಂದುಕೊಂಡೆ. ಫೈಲು ಮಡಿಸಿ ನನ್ನ ಕೈಗೆ ಕೊಟ್ಟು, ಹೋಗಿ, ಮೊದಲು ಮಿಕ್ಕವರಿಗೆ ಹೇಳಿ, ನನ್ನ ಕಾಲುವೆ ಆಮೇಲೆ ನೋಡ್ಕೊಳೋಣ ಎಂದಳು. ಅಷ್ಟು ಹೇಳಿ ಒಳಗೆ ಹೋದಳು. ಒಳಗಿನಿಂದ ಹೊಲಿಗೆ ಮೆಷೀನಿನ ಸದ್ದು ಶುರುವಾಯಿತು.

ಗಾಡಿಯ ಬಾನೆಟ್ಟಿನ ಮೇಲೆ ಫೈಲಿನಲ್ಲಿದ್ದ ಕಚೇರಿಯ ಕಾಗದ ಇಟ್ಟು, ಅಪ್ಪನಿಗೆ ಬಿಟ್ಟಿದ್ದ ಜಾಗದ ಪಕ್ಕದಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿದೆ. ಪೆನ್ನು ಅಪ್ಪನಿಗೆ ಕೊಟ್ಟೆ. ಅವನು ಸಹಿ ಹಾಕಿದ. ಮನೆಗೆ ಹೋಗೋಣ್ವಾ ಎಂದು ಕೇಳಿದ. ಇಲ್ಲ, ಪಟ್ಟಿಯಲ್ಲಿ ಮುಂದಿನ ಮನೆ ಇಲ್ಲೇ ಹತ್ತಿರ ಇದೆ ಎಂದೆ.

ಅದು ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರದು. ಅವರು ಮನೆಯಲ್ಲಿರಲಿಲ್ಲ, ಹೆಂಡತಿ ಇದ್ದಳು. ಅಪ್ಪನನ್ನು ಕಂಡದ್ದೇ ಮುಖ ಅರಳಿಸಿ, ಬನ್ನಿ ಮೇಷ್ಟ್ರೇ, ಎಷ್ಟು ದಿನಕ್ಕೆ ಈ ಕಡೆ ಬಂದ್ರಿ ಎಂದು ಜಗಲಿಯ ಮೇಲೆ ಚಾಪೆ ಹಾಸಿದಳು. ನಾವು ಬಂದ ವಿಷಯ ಕೇಳುವ ಮೊದಲೇ ಹಿತ್ತಲಿಗೆ ಹೋಗಿ, ರಾಟೆ ಕಿರ್ ಎನ್ನಿಸಿ, ಎರಡು ದೊಡ್ಡ ಲೋಟಗಳಲ್ಲಿ ನೀರು ತಂದಳು. ನಿಮ್ಮ ಕೈಗುಣ ಮೇಷ್ಟ್ರೇ, ಈ ಬಾವಿ ನೀರು ಕುಡಿದ್ರೆ ಬೇರೆ ನೀರು ಬಾಯಿಗೆ ಹತ್ತಲ್ಲ, ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಅವಳಿಗೂ ಇದೇ ನೀರು ಎಂದಳು. ಒಳಗೆ ಎಳೆಮಗು ಅಳುತ್ತಿತ್ತು.

ಅಪ್ಪ ಲೋಟ ಹಿಡಿದುಕೊಂಡು ನನ್ನ ಮುಖ ನೋಡಿದ. ಹೇಳುತ್ತಾನೆ ಎಂದು ಕಾದೆ. ಅವನು ಲೋಟ ಎತ್ತಿ, ಉಸಿರು ಬಿಡದೆ, ತಳ ಕಾಣುವವರೆಗೂ ಕುಡಿದುಬಿಟ್ಟ.

ನಾನು ನನ್ನ ಲೋಟವನ್ನು ಕೆಳಗಿಟ್ಟೆ. ಅಮ್ಮಾ, ಈ ನೀರನ್ನ ಇನ್ನು ಕುಡೀಬೇಡಿ, ಮಗುವಿಗಂತೂ ಕೊಡಲೇಬೇಡಿ, ನಾವು ಬರೆದುಕೊಟ್ಟಿದ್ದು ತಪ್ಪು ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಮೊದಲು ನಕ್ಕಳು. ಆಮೇಲೆ ಅಪ್ಪನ ಕೈಯಲ್ಲಿದ್ದ ಖಾಲಿ ಲೋಟ ನೋಡಿದಳು.

"ಮೇಷ್ಟ್ರೇ ಕುಡಿದ್ರಲ್ಲ ಈಗ?"

"ಅವರಿಗೆ ಕಾಣ್ತಿರಲಿಲ್ಲಮ್ಮ," ಎಂದೆ. "ನನಗೆ ಕಾಣ್ತಿತ್ತು. ನಾನು ನೋಡ್ಲಿಲ್ಲ."